ಹಟ ಹಿಡಿದ ವಿಮಾನ

ವಿಮಾನಗಳಿಗೆ ಜೀವ ಬಂದಾಗ ಜೊತೆಗೆ ಹೆದರಿಕೆಯೂ ಬಂದಿತ್ತು. ಮೂತಿ ಸವರಿ, ಧೈರ್ಯ ಹೇಳಿ ಅವನ್ನು ಮೇಲೆ ಕಳಿಸುವುದು ಹುಬ್ಬಳ್ಳಿ ನಿಲ್ದಾಣದ ಸುರಕ್ಷತಾ ಅಧಿಕಾರಿ ಶಾಂಭವಿಯ ಕೆಲಸ. ಇಲಾಖೆಯ ನಿಯಮ ಒಂದೇ: ವಿಮಾನಕ್ಕೆ ಸುಳ್ಳು ಹೇಳಬಾರದು.

ಇಂದು ಆಕೆಯ ನಿವೃತ್ತಿ. ಯಾರೋ ಬಾಯಿ ತಡೆಯಲಾರದೆ ಅದನ್ನು ವಿಮಾನಗಳಿಗೆ ಹೇಳಿಬಿಟ್ಟಿದ್ದರು. ಪುಣೆಗೆ ಹೊರಟ ಹಳೆಯ ವಿಮಾನ ರನ್‌ವೇಯಲ್ಲೇ ಹಟ ಹಿಡಿದು ನಿಂತಿತು. ಒಳಗಿನ ಪ್ರಯಾಣಿಕರು ಕಟ್ಟಿಕೊಂಡು ತಂದ ಚುರುಮುರಿಯನ್ನು ಆಗಲೇ ಮುಗಿಸಿದ್ದರು.

ಪೈಲಟ್ ಮಕಾನದಾರ ಕಿಟಕಿಯಿಂದ ಇಣುಕಿದ. "ನಾಳೆ ನೀವು ಇರ್ತೀರೇನಂತ ಕೇಳಾಕತ್ತೈತ್ರಿ, ಅಕ್ಕಾರ."

ಶಾಂಭವಿ ಅದರ ಮೂತಿಯ ಮೇಲೆ ಕೈಯಿಟ್ಟಳು. "ಇರಂಗಿಲ್ಲಪ್ಪಾ. ಆದ್ರ ನಮ್ಮನಿ ನಿನ್ನ ದಾರಿ ಕೆಳಗ ಐತಿ. ದಿನಾ ಮಾಳಿಗಿ ಮ್ಯಾಲ ಸೀರಿ ಒಣಗಾಕ ಹಾಕತೇನಿ. ಅದನ್ನ ನೋಡಿ ಹೋಗಿ ಬಾ."

ವಿಮಾನ ತುಸು ಸರಿದು ಮತ್ತೆ ನಿಂತಿತು. ಮಕಾನದಾರ ಮತ್ತೆ ಇಣುಕಿದ.

"ಸೀರಿ ಯಾವ ಬಣ್ಣದ್ದಂತ ಕೇಳತೈತ್ರಿ."