ಪೂರ್ತಿ ಎರಡು ನಿಮಿಷ

ತಮ್ಮ ತೀರಿಕೊಂಡ ಸುದ್ದಿ ತಿಳಿದ ದಿನ ಕ್ರೀಡಾ ಸಂಘದ ಅಧ್ಯಕ್ಷರು ನನ್ನ ಕೈ ಹಿಡಿದು, “ಕ್ರಿಯೆ ಮುಗೀಲಿ, ಜೋರಾಗಿ ಶ್ರದ್ಧಾಂಜಲಿ ಮಾಡೋಣ” ಎಂದರು. ಮಾತು ಉಳಿಸಿಕೊಂಡರು, ತಿಂಡಿಯ ವ್ಯವಸ್ಥೆಯೂ ಇತ್ತು.

ತಮ್ಮ ಹೊರದೇಶದಲ್ಲಿ ಸಂಬಳಕ್ಕೆ ಐಸ್ ಹಾಕಿ, ಅಂದರೆ ಮಂಜುಗಡ್ಡೆಯ ಮೇಲಿನ ಹಾಕಿ, ಆಡಿದ ಡಿಫೆಂಡರ್. ಗೋಲಿಗೆ ನುಗ್ಗುವವರಿಗೆ ಅಡ್ಡ ನಿಲ್ಲುವುದು, ರೆಫರಿ ತಪ್ಪೆಂದು ಶಿಳ್ಳೆ ಊದಿದರೆ ಎರಡು ನಿಮಿಷ ಶಿಕ್ಷೆಯ ಕಟಕಟೆಯಲ್ಲಿ ಕೂರುವುದು, ಇದೇ ಅವನ ವೃತ್ತಿಯಾಗಿತ್ತು.

“ಎಷ್ಟು ಗೋಲು ಹೊಡೆದರೋ, ಲೆಕ್ಕವೇ ಇಲ್ಲ!” ಎಂದರು ಅಧ್ಯಕ್ಷರು ಶ್ರದ್ಧಾಂಜಲಿ ಸಭೆಯಲ್ಲಿ.

“ಅವನು ಹೊಡೆಯೋನಲ್ಲ ಸ್ವಾಮಿ, ತಡೆಯೋನು” ಎಂದೆ.

“ಎರಡೂ ಒಂದೇ ಅಲ್ವೇ! ಏಳಿ, ಎರಡು ನಿಮಿಷ ಮೌನ.”

ಕಣ್ಣು ಮುಚ್ಚಿದೆ. ಒಳಗಿನಿಂದ ಬೋಂಡದ ವಾಸನೆ ಬಂತು. ದೇವರ ಹೆಸರು ನನ್ನ ನಾಲಗೆಗೆ ಬರುವಷ್ಟರಲ್ಲಿ ಅಧ್ಯಕ್ಷರು “ಓಂ ಶಾಂತಿ, ಬನ್ನಿ ಬನ್ನಿ” ಎನ್ನುತ್ತ ತಿಂಡಿಯ ಕೋಣೆಯತ್ತ ನಡೆದರು.

ತಮ್ಮನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

“ದಾರಿ ಬಿಡಮ್ಮ, ಬೋಂಡ ಆರಿಹೋಗುತ್ತೆ.”

“ಎರಡು ನಿಮಿಷ ಆಗಿಲ್ಲ ಸಾರ್. ನಮ್ಮ ಯಜಮಾನ್ರು ಒಂದು ದಿನಾನೂ ಕಟಕಟೆಯಿಂದ ಮೊದ್ಲೇ ಎದ್ದು ಬಂದವರಲ್ಲ, ನಿಂತ್ಕೊಳ್ಳಿ. ಭಗವಂತಾ, ಅವರ ಆತ್ಮಕ್ಕೆ ಶಾಂತಿ ಕೊಡಪ್ಪಾ.”