ಶಾಲೆಗೆ ಕಟ್ಟಿದ ನೂಲು

ಮಗ್ಗದ ಮೇಲಿನ ಧೂಳನ್ನು ಸದ್ದಿಲ್ಲದೆ ಒರೆಸುತ್ತಿದ್ದೆ. ಅಂದು ಅಮಾವಾಸ್ಯೆ, ಊರಿನ ಮಗ್ಗಗಳಿಗೆಲ್ಲ ರಜೆ. ಮಗ್ಗಗಳ ಸದ್ದು ನಿಂತ ದಿನ ನಮ್ಮೂರಿನ ಓಣಿಗಳು ಎದ್ದು ಜಾಗ ಬದಲಿಸುತ್ತವೆ. ಮರುದಿನ ಹಾಲಿನವನು ಗೊಣಗುತ್ತ ಮನೆಗಳನ್ನು ಹೊಸದಾಗಿ ಹುಡುಕುತ್ತಾನೆ, ಅಷ್ಟೇ.

ನಾನು ಐದನೇ ತರಗತಿಗೇ ಶಾಲೆ ಬಿಟ್ಟದ್ದು ಶಾಲೆಯ ಓಣಿ ರೈಲು ಹಳಿಯ ಆಚೆ ಹೋಗಿ ಕೂತದ್ದರಿಂದ. ಹಿಂದಿನ ಅಮಾವಾಸ್ಯೆಗೆ ಅದು ತಿರುಗಿ ಬಂದು ನಮ್ಮ ಹಿತ್ತಿಲಿಗೆ ಒರಗಿತ್ತು. ಒಂದು ತಿಂಗಳಿಂದ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ, ಶಾಲೆಯ ಕಿಟಕಿಯಿಂದ ಬರುವ ಪಾಠ ಕೇಳುತ್ತಿದ್ದೆ. ಭಿನ್ನರಾಶಿ ಇನ್ನೂ ಮುಗಿದಿರಲಿಲ್ಲ.

ಮಗ್ಗದ ಕಂಬಕ್ಕೆ ಒಂದೆಳೆ ನೂಲು ಕಟ್ಟಿ, ಹಿತ್ತಿಲು ದಾಟಿಸಿ, ಶಾಲೆಯ ಕಿಟಕಿಯ ಸರಳಿಗೆ ಗಂಟು ಹಾಕಿದೆ. ಅಜ್ಜಿ ನೋಡಿಬಿಟ್ಟಳು.

“ಏನ್ ಬೇ ದಾನವ್ವ, ಸಾಲೀನ ಕಟ್ಟಿಹಾಕಾಕತ್ತಿ ಏನ? ಅದು ಮನೀ ಮುಂದ ಇದ್ದಾಗ ಹೊಟ್ಟಿ ನೋಯ್ತದ ಅಂತ ಮಲಗ್ತಿದ್ದಿ!”

ನಾನು ಗಂಟನ್ನು ಇನ್ನಷ್ಟು ಬಿಗಿದೆ. ಅಜ್ಜಿ ಒಳಗೆ ಹೋಗಿ ಒಂದು ಇಡೀ ಲಡಿ ನೂಲು ತಂದು ಕೈಗಿಟ್ಟಳು.

“ಒಂದೆಳಿಗೆ ಸಾಲಿ ನಿಲ್ಲೂದಿಲ್ಲ. ಮಾಸ್ತರನ್ನೂ ಸೇರಿಸಿ ಕಟ್ಟು.”

ಸಂಜೆ ನೆಲ ಸಣ್ಣಗೆ ಅದುರಿತು. ಕಿಟಕಿಗೆ ಸುತ್ತಿದ್ದ ಲಡಿಯ ನೂಲೆಲ್ಲ ಬಿಗಿಯಾಯಿತು. ನಾನು ಶಾಲೆಯ ಗೋಡೆಗೆ ಕೈಯಿಟ್ಟು ಕೇಳಿಕೊಂಡೆ:

“ಭಿನ್ನರಾಶಿ ಮುಗಿಯೂತನಕ ಇಲ್ಲೇ ಇರು.”