ಕೆಂಪಣ್ಣನ ಜೋಗುಳ

ಭಾಷಾವಿಜ್ಞಾನ ಓದಲು ಕಡಲು ದಾಟಿ ಬಂದ ಮಾದೇವಿ, ಆ ದೇಶದ ತರಗತಿಯಲ್ಲಿ ತನ್ನ ಕಾಡಂಚಿನ ಊರಿನ ಮಾತು ಕಿವಿಗೆ ಬೀಳುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಮುದಿ ಪ್ರೊಫೆಸರು ಹಳೆಯ ಟೇಪೊಂದನ್ನು ಹಾಕಿದರು. ಹೆಂಗಸೊಬ್ಬಳು ಹಾಡುತ್ತಿದ್ದಳು.

"ಮಲಗು ಕೆಂಪಣ್ಣಾ ಮಲಗು, ಇನ್ಯಾರೂ ನಿನ್ನ ಎಬ್ಸಾಕಿಲ್ಲ..."

"ಕೆಂಪಣ್ಣ ಅಂದ್ರೆ ನಾನೇ! ನನ್ನ ಕೆಂಪು ಮುಖ ನೋಡಿ ಊರವರು ಇಟ್ಟ ಹೆಸರು," ಎಂದು ಪ್ರೊಫೆಸರು ಬೀಗಿದರು. "ನಾನು ಇದನ್ನು ರೆಕಾರ್ಡ್ ಮಾಡಿದ ವಾರವೇ ಈ ಹೆಂಗಸಿನ ಕೂಸು ತೀರಿಕೊಂಡಿತ್ತು. ಜೋಗುಳ ಹಾಡು ಅಂದ್ರೆ ಬಾಯೇ ಬಿಡಲಿಲ್ಲ. ಹೋಗು ಹೋಗು ಅಂತ ಕೈ ಬೀಸಿದಳು. ನಾನು ಬಿಡ್ತೀನಾ? ಟೇಪ್ ರೆಕಾರ್ಡರ್ ಇಟ್ಕೊಂಡು ಬಾಗಿಲಲ್ಲೇ ಕೂತೆ. ಕೊನೆಗೆ ನನ್ನನ್ನೇ ದಿಟ್ಟಿಸಿ ನೋಡಿ, ಮಗು ಅಂದ್ಕೊಂಡು ಹಾಡಿಬಿಟ್ಳು!"

ತರಗತಿಗೆ ತರಗತಿಯೇ ಚಪ್ಪಾಳೆ ತಟ್ಟಿತು. ಮಾದೇವಿಗೆ ಮೈಯೆಲ್ಲ ಉರಿದುಹೋಯಿತು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು.

"ಸರ್, ಅದು ಜೋಗುಳ ಅಲ್ಲ."

ಪ್ರೊಫೆಸರು ನಕ್ಕರು. "ಹಾಸ್ಟೆಲಿನಲ್ಲಿ ಬೆಳೆದವಳಮ್ಮ ನೀನು, ನಿನ್ನ ಭಾಷೆ ನಿನಗೇ ಮರೆತುಹೋಗಿದೆ. ಅದಕ್ಕೆ ವ್ಯಾಕರಣ ಬರೆದವನು ನಾನು. ಹೆಸರು ಹಿಡಿದು 'ಮಲಗು' ಅಂತ ಹಾಡಿದ್ದು ಜೋಗುಳ ಅಲ್ಲದೆ ಇನ್ನೇನು?"

"ಕೂಸಿನ ಹೆಸರು ಹಿಡಿದು ನಮ್ಮಲ್ಲಿ ಯಾರೂ ಜೋಗುಳ ಹಾಡಲ್ಲ ಸರ್, ಆಯಸ್ಸು ಕಮ್ಮಿಯಾಗುತ್ತೆ ಅಂತ." ಅವಳು ಟೇಪಿನತ್ತ ಬೆರಳು ತೋರಿದಳು. "ಹೆಸರು ಹಿಡಿದು ಮಲಗು ಅನ್ನೋದು ಹೆಣ ಎತ್ತುವಾಗ."